ಜರ ದಮ್ಮ ತಗೋ

ಬೀದರದ ಥಂಡಿ ಉಂಡವರಿಗೇ ಗೊತ್ತು. ಡಿಸೆಂಬರ್ ಬಂತೆಂದರೆ ರಾಜ್ಯದಲ್ಲಿ ಎಲ್ಲಿ ಹೆಚ್ಚು ಚಳಿ ಎಂದು ಪತ್ರಿಕೆಗಳು ಬರೆಯುವಾಗ ನಮ್ಮ ಊರಿನ ಹೆಸರು ಹೆಚ್ಚಾಗಿ ಮೇಲಿನ ಸಾಲಿನಲ್ಲೇ ಇರುತ್ತದೆ. ಸಮುದ್ರಮಟ್ಟದಿಂದ ಎರಡು ಸಾವಿರ ಅಡಿಗೂ ಎತ್ತರದ, ಕೆಂಪು ಜಂಬಿಟ್ಟಿಗೆ ಕಲ್ಲಿನ ಬಯಲು ನಮ್ಮದು. ಹಗಲು ಕಾದದ್ದೆಲ್ಲ ಕತ್ತಲಾಗುತ್ತಲೇ ಆರಿಹೋಗುತ್ತದೆ. ನಸುಕಿನ ನಾಲ್ಕು ಗಂಟೆಗೆ ನಳದ ನೀರು ಮುಟ್ಟಿದರೆ ಬೆರಳು ನಮ್ಮದಲ್ಲ ಅನ್ನಿಸುತ್ತದೆ. ಆ ಹೊತ್ತಿನಲ್ಲಿ ಹಾಸಿಗೆ ಒದ್ದೆ ಮಾಡಿಕೊಂಡ ಎಂಬತ್ತನಾಲ್ಕು ವರ್ಷದ ಮುದುಕಿಯ ಸೀರೆ ಬದಲಿಸುವವರಿಗೆ ಚಳಿಗಾಲ ಎಂದರೆ ಏನೆಂದು ನಾನು ವಿವರಿಸಬೇಕಿಲ್ಲ. ಇದನ್ನು ಓದುತ್ತಿರುವವರಲ್ಲಿ ಕೆಲವರಾದರೂ ಈಗಷ್ಟೇ ಕೈ ತೊಳೆದು ಬಂದು ಕೂತಿರಬಹುದು.

ನಮ್ಮ ಸರಕಾರಿ ಶಾಲೆಗಳಿಗೆ ಚಳಿಗಾಲದ ರಜೆ ಎಂಬುದಿಲ್ಲ. ದಸರೆಗೆ ಒಮ್ಮೆ, ಬೇಸಿಗೆಗೆ ಒಮ್ಮೆ, ಅಲ್ಲಿಗೆ ಮುಗಿಯಿತು. ಆದರೆ ಹೈದರಾಬಾದು, ಪುಣೆ ಎಂದು ಹೊರಗಿರುವ ಮಕ್ಕಳು ಮೊಮ್ಮಕ್ಕಳಿಗೆ ಕ್ರಿಸ್‌ಮಸ್ ಹೊತ್ತಿಗೆ ಬಿಡುವು. ಅದರ ಆಸುಪಾಸಿನಲ್ಲೇ ನಮ್ಮ ಎಳ್ಳಮಾಸಿ ಬರುತ್ತದೆ, ಅದರ ಬೆನ್ನಿಗೇ ಸಂಕ್ರಾಂತಿ. ವರ್ಷವೆಲ್ಲ ಬಾರದವರು ಆ ಮೂರು ವಾರಗಳಲ್ಲಿ ಬರುತ್ತಾರೆ. ಬರಲಿ, ಬಾರದಿದ್ದರೆ ಮನೆಗೆ ಕಳೆಯಿಲ್ಲ. ಆದರೆ ರಜೆ ಅವರದು, ಅದರ ಕೆಲಸ ನಮ್ಮದು.

ಎಳ್ಳಮಾಸಿ ಎಂದರೆ ಎಳ್ಳು ಅಮಾವಾಸ್ಯೆ. ಔರಾದ ಕಡೆ ಮರಾಠಿ ಆಡುವವರು ವೇಳ ಅಮಾವಾಸ್ಯೆ ಎನ್ನುತ್ತಾರೆ. ದಕ್ಷಿಣದ ಜಿಲ್ಲೆಗಳ ಗೆಳತಿಯರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಅವತ್ತು ನಮ್ಮ ಜಿಲ್ಲೆಯಲ್ಲಿ ಊರುಗಳು ಖಾಲಿ. ಅಂಗಡಿ ಬಾಗಿಲು ಹಾಕಿರುತ್ತವೆ, ಬೀದಿಗಳು ಬಿಕೋ ಎನ್ನುತ್ತವೆ. ಎಲ್ಲರೂ ಹೊಲದಲ್ಲಿ. ಹೊಲ ಇಲ್ಲದವರನ್ನು ಇದ್ದವರು ಕರೆದುಕೊಂಡು ಹೋಗುತ್ತಾರೆ. ನಿಂತ ಬಿಳಿಜೋಳದ ನಡುವೆ ಕಣಿಕೆಯ ಗುಡಿಸಲು ಕಟ್ಟಿ, ಒಳಗೆ ಐದು ಕಲ್ಲು ಇಟ್ಟು ಪಾಂಡವರೆಂದು ಪೂಜಿಸಿ, ಹೊಲದ ನಾಲ್ಕೂ ಕಡೆ ಚರಗ ಚೆಲ್ಲಿ, ಆಮೇಲೆ ಊಟ. ಭೂಮಿತಾಯಿ ಈಗ ತುಂಬಿದ ಬಸುರಿ, ಅವಳ ಬಯಕೆ ತೀರಿಸಬೇಕು ಎಂಬುದು ಹಿರಿಯರ ನಂಬಿಕೆ. ಆ ಬಯಕೆಯ ಅಡುಗೆ ಸಣ್ಣದಲ್ಲ. ಹಸಿ ಕಾಳು, ಸೊಪ್ಪು, ಕಾಯಿಪಲ್ಲೆ ಎಲ್ಲ ಕೂಡಿಸಿ, ಕಡಲೆಹಿಟ್ಟು ಹುಣಸೆಹುಳಿ ಹಾಕಿ ಕುದಿಸುವ ಭಜ್ಜಿ. ಸಜ್ಜೆ ರೊಟ್ಟಿ, ಕಡುಬು, ಶೇಂಗಾ ಹೋಳಿಗೆ. ಮಡಕೆಯಲ್ಲಿ ಹುಳಿ ಬಂದ ಅಂಬಲಿ. ಮೂವತ್ತು ಮಂದಿಗೆ ಇದನ್ನೆಲ್ಲ ಮಾಡಿ ಒಂಬತ್ತು ಗಂಟೆಗೆ ಗಾಡಿ ಹತ್ತಬೇಕಾದರೆ ಮನೆಯ ಹೆಂಗಸರು ರಾತ್ರಿ ಎರಡಕ್ಕೆ ಏಳಬೇಕು.

ನಮ್ಮ ಅತ್ತೆ ಈ ಹಬ್ಬವನ್ನು ನಲವತ್ತು ವರ್ಷ ಒಬ್ಬರೇ ನಿಂತು ನಡೆಸಿದವರು. 2021ರ ನಂತರ ಅವರ ನೆನಪು ಒಂದೊಂದಾಗಿ ಕಳಚತೊಡಗಿತು. ಮೊದಲು ಪಲ್ಲೆಗೆ ಉಪ್ಪು ಹಾಕಿದ್ದು ಮರೆತರು, ಆಮೇಲೆ ಓಣಿಯ ದಾರಿ ಮರೆತರು, ಆಮೇಲೆ ನಮ್ಮ ಹೆಸರುಗಳನ್ನು. ಡಾಕ್ಟರು ಡಿಮೆನ್ಶಿಯಾ ಎಂದರು. ಇದು ಬರೀ ಮುಪ್ಪಿನ ಮರೆವಲ್ಲ, ಮಿದುಳಿನ ಕಾಯಿಲೆ, ವಾಸಿ ಮಾಡುವ ಮದ್ದಿಲ್ಲ, ಚೆನ್ನಾಗಿ ನೋಡಿಕೊಳ್ಳುವುದೇ ದೊಡ್ಡ ಮದ್ದು ಎಂದರು. ನೋಡಿಕೊಳ್ಳುವವರು ಯಾರು ಎಂದು ಅವರು ಕೇಳಲಿಲ್ಲ. ನನ್ನ ಮುಖ ನೋಡಿಕೊಂಡೇ ಹೇಳಿದ್ದರು.

ನಮ್ಮ ಮನೆಯವರು ಕೆಟ್ಟವರಲ್ಲ. ಔಷಧಿ ತರುತ್ತಾರೆ, ಸಂಜೆ ತಾಯಿಯ ಪಕ್ಕ ಕೂತು ಹಳೆಯ ಮಾತು ತೆಗೆಯುತ್ತಾರೆ, ಒಮ್ಮೊಮ್ಮೆ ಕಣ್ಣೊರೆಸಿಕೊಳ್ಳುತ್ತಾರೆ. ಸೀರೆ ಬದಲಿಸುವ ಹೊತ್ತಿಗೆ ಮಾತ್ರ ಎದ್ದು ಹೊರಗೆ ಹೋಗುತ್ತಾರೆ. ಹೋಗಲೇಬೇಕು ಎಂಬುದು ಇಬ್ಬರೂ ಒಪ್ಪಿಕೊಂಡ ಮಾತು. ಯಾವಾಗ ಒಪ್ಪಿಕೊಂಡೆವೋ ನೆನಪಿಲ್ಲ. ಹಿರಿಯ ನಾಗರಿಕರ ಪೋಷಣೆಗೆಂದು 2007ರಲ್ಲಿ ಬಂದ ಕಾಯ್ದೆಯನ್ನು ಒಮ್ಮೆ ಕುತೂಹಲಕ್ಕೆ ಓದಿದೆ. ತಂದೆತಾಯಿಯ ಹೊಣೆಯನ್ನು ಅದು ಮಗ, ಮಗಳು, ಮೊಮ್ಮಗ, ಮೊಮ್ಮಗಳ ಮೇಲೆ ಹೊರಿಸುತ್ತದೆ. ಆ ಸಾಲಿನಲ್ಲಿ ಸೊಸೆ ಇಲ್ಲ! ಓದಿ ನಗು ಬಂತು. 2021ರಿಂದ ನಮ್ಮ ರಾಜ್ಯದಲ್ಲಿ ಸರಕಾರಿ ನೌಕರಿಯ ಹೆಂಗಸರಿಗೆ ಮಕ್ಕಳ ಆರೈಕೆಗೆಂದು ಆರು ತಿಂಗಳ ರಜೆ ಇದೆ. ಮುದುಕರ ಆರೈಕೆಗೆ ಅಂಥ ರಜೆ ಇಲ್ಲ. ಕೇಂದ್ರ ಸರಕಾರ 2024ರಲ್ಲಿ ನಡೆಸಿದ ಸಮಯ ಬಳಕೆಯ ಸಮೀಕ್ಷೆಯಲ್ಲಿ, ಮನೆಗೆಲಸ ಮಾಡುವ ಹೆಂಗಸು ಸಂಬಳವಿಲ್ಲದ ಆ ಕೆಲಸದಲ್ಲಿ ದಿನಕ್ಕೆ 289 ನಿಮಿಷ ಕಳೆಯುತ್ತಾಳೆ, ಮಾಡುವ ಗಂಡಸು 88 ನಿಮಿಷ ಎಂದು ಲೆಕ್ಕ ಸಿಕ್ಕಿತು. ರಾತ್ರಿ ಮಲಗಿದ್ದಾಗಲೂ ಒಂದು ಕಿವಿ ಪಕ್ಕದ ಕೋಣೆಯಲ್ಲಿ ಇರುತ್ತದಲ್ಲ, ಅದನ್ನು ಯಾವ ನಿಮಿಷಕ್ಕೆ ಸೇರಿಸಿದರೋ ತಿಳಿಯದು.

ಇದೆಲ್ಲ ಪೀಠಿಕೆ. ಹೇಳಬೇಕಾದ್ದು ಬೇರೆ ಇದೆ. ಅದನ್ನು ಹೇಳುವುದು ತಡವಾಗಲಿ ಎಂದೇ ಇಷ್ಟು ಹೊತ್ತು ಹಬ್ಬದ ಮಾತಾಡಿದೆನೋ ಏನೋ.

2024ರ ಎಳ್ಳಮಾಸಿ ಡಿಸೆಂಬರ್ 30, ಸೋಮವಾರ ಬಂತು. ಮಗ, ಸೊಸೆ, ಮೊಮ್ಮಕ್ಕಳು ಶನಿವಾರವೇ ಬಂದಿದ್ದರು. ಭಾಲ್ಕಿಯ ನಾದಿನಿಯ ಮನೆಯವರು ನೇರ ಔರಾದ ಕಡೆಯ ನಮ್ಮ ಹೊಲಕ್ಕೇ ಬರುವುದೆಂದು ಮಾತಾಗಿತ್ತು. ಆ ರಾತ್ರಿ ಅತ್ತೆ ಮೂರು ಸಲ ಎದ್ದರು. ಮೂರನೆಯ ಸಲ ನಾಲ್ಕೂವರೆ ಗಂಟೆ. ಸೊಸೆ ಹೋಳಿಗೆಗೆ ಕೂತಿದ್ದಳು, ಇತ್ತ ಭಜ್ಜಿ ತಳ ಹಿಡಿಯುತ್ತಿತ್ತು. ಒಂದು ಗಂಟೆಯ ಹಿಂದಷ್ಟೇ ಬಿಸಿನೀರಿನಲ್ಲಿ ಅವರ ಮೈ ಒರೆಸಿ, ಒಗೆದ ಸೀರೆ ಉಡಿಸಿ, ಬೇರೆ ಕೌದಿ ಹಾಸಿ ಬಂದಿದ್ದೆ. ಹೋಗಿ ನೋಡಿದರೆ ಮತ್ತೆ ಎಲ್ಲ ಹೊಲಸಾಗಿತ್ತು. ಅವರು ಅದನ್ನು ಕೈಯಿಂದ ಗೋಡೆಗೆ ಒರೆಸುತ್ತ ಕೂತಿದ್ದರು.

ಆಮೇಲೆ ಆದದ್ದನ್ನು ತಪ್ಪಿಸದೆ ಬರೆಯಬೇಕು, ಇಲ್ಲದಿದ್ದರೆ ಇದನ್ನು ಬರೆಯುವುದೇ ಬೇಡ. ಅವರ ರಟ್ಟೆ ಹಿಡಿದು ಜಗ್ಗಿ ಎಬ್ಬಿಸಿದೆ. ಎಬ್ಬಿಸಲು ಬೇಕಾದ್ದಕ್ಕಿಂತ ಬಹಳ ಜೋರಾಗಿ ಜಗ್ಗಿದೆ. "ನಿನಗ ಸಾವರ ಯಾಕ ಬರವಲ್ದು" ಅಂದೆ. ಮೂವತ್ತೊಂದು ವರ್ಷ ಆ ಮನೆಯಲ್ಲಿ ಬಾಳಿದ್ದೆ, ಒಂದು ದಿನವೂ ಅವರನ್ನು ಏಕವಚನದಲ್ಲಿ ಕರೆದವಳಲ್ಲ.

ಅವರು ಅಳಲಿಲ್ಲ. ಗುರುತಿಲ್ಲದವರನ್ನು ನೋಡುವ ಹಾಗೆ ನನ್ನ ಮುಖ ನೋಡಿದರು. ಆಮೇಲೆ, "ಯಾರವ್ವ ನೀ? ಯಾಕ ಇಷ್ಟ ಗಡಿಬಿಡಿ ಮಾಡಲತ್ತಿ? ಥಂಡಿ ಅದ. ಕುಂಡ್ರು, ಜರ ದಮ್ಮ ತಗೋ" ಅಂದರು.

ನಾನು ಕೂಡಲಿಲ್ಲ. ಗೋಡೆ ಒರೆಸಿದೆ, ಅವರನ್ನು ತೊಳೆದೆ, ಭಜ್ಜಿ ಬೇರೆ ಪಾತ್ರೆಗೆ ಬಗ್ಗಿಸಿದೆ. ಒಂಬತ್ತಕ್ಕೆ ಗಾಡಿ ಹತ್ತಿದೆವು. ಅತ್ತೆಯನ್ನು ಶಾಲು ಹೊದಿಸಿ ನನ್ನ ಪಕ್ಕದಲ್ಲೇ ಕೂಡಿಸಿಕೊಂಡಿದ್ದೆ. ಹೊಲದಲ್ಲಿ ಜೋಳ ತೆನೆಗೆ ಬಂದಿತ್ತು, ಹಕ್ಕಿ ಕೂಗುತ್ತಿದ್ದವು, ಮಕ್ಕಳು ಕಬ್ಬು ಕಡಿಯುತ್ತ ಓಡಾಡಿದವು. ನಾನು ಅತ್ತೆಗೆ ಅಂಬಲಿ ಕುಡಿಸುವುದನ್ನು ನೋಡಿ ಹಿರಿಯರೊಬ್ಬರು, "ಸೊಸಿ ಅಂದ್ರ ಹೀಂಗಿರಬೇಕು ನೋಡ್ರಿ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. ಎಲ್ಲರೂ ತಲೆಯಾಡಿಸಿದರು.

ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರ ಕಥೆ ನಮ್ಮ ಜಿಲ್ಲೆಯ ಮಕ್ಕಳಿಗೂ ಗೊತ್ತು. 1890ರಲ್ಲಿ ಹುಟ್ಟಿ 1999ರವರೆಗೆ ಬಾಳಿದವರು. ನಿಜಾಮರ ಕಾಲದಲ್ಲಿ ಕನ್ನಡ ಕಲಿಸುವುದೇ ಕಷ್ಟವಾಗಿದ್ದಾಗ ಶಾಲೆಯ ಹೊರಗೆ ಉರ್ದು ಬೋರ್ಡು ಹಾಕಿ, ಒಳಗೆ ಕನ್ನಡ ಕಲಿಸಿದರು. ನಾನು ತರಗತಿಯಲ್ಲಿ ಎಷ್ಟೋ ಸಲ ಅಭಿಮಾನದಿಂದ ಹೇಳಿದ ಕಥೆ ಇದು. ಅವತ್ತು ಹೊಲದಲ್ಲಿ ಕೂತಾಗ ಅದೇ ಕಥೆ ಮುಳ್ಳಿನಂತೆ ಚುಚ್ಚಿತು. ನನ್ನ ಹೊರಗೂ ಒಂದು ಬೋರ್ಡು ಇತ್ತು, ಒಳಗೆ ನಡೆಯುತ್ತಿದ್ದ ಪಾಠ ಬೇರೆಯೇ. ಅವರು ಬೋರ್ಡಿನ ಹಿಂದೆ ಒಂದು ಭಾಷೆಯನ್ನು ಕಾಪಾಡಿದರು. ನಾನು ಏನು ಕಾಪಾಡುತ್ತಿದ್ದೆ?

ಮರುದಿನ ಮೈ ತೊಳೆಸುವಾಗ ಅತ್ತೆಯ ರಟ್ಟೆಯ ಮೇಲೆ ನಾಲ್ಕು ಬೆರಳಿನ ಗುರುತು ನೀಲಿಗಟ್ಟಿತ್ತು. ಮುದುಕರ ಚರ್ಮ ಉಳ್ಳಾಗಡ್ಡಿ ಸಿಪ್ಪೆಯಂಥದು. ಆ ಗುರುತು ಹಸಿರಾಗಿ, ಹಳದಿಯಾಗಿ, ಮಾಯಲು ಹತ್ತು ದಿನ ಹಿಡಿಯಿತು. ಹತ್ತೂ ದಿನ ಅದನ್ನು ನಾನೇ ತೊಳೆದೆ, ನಾನೇ ಎಣ್ಣೆ ಹಚ್ಚಿದೆ.

ಆ ಹತ್ತು ದಿನ ನನ್ನನ್ನು ನಾನು ಬೈದುಕೊಂಡಷ್ಟು ಶತ್ರುವೂ ಬೈಯಲಾರ. ತಪ್ಪಿಗೆ ದಂಡವೆಂಬಂತೆ ಕೆಲಸ ಹೆಚ್ಚಿಸಿಕೊಂಡೆ. ಸೊಸೆ "ಈ ರಾತ್ರಿ ನಾ ನೋಡಕೋತೀನಿ ಅತ್ತಿ" ಅಂದರೆ ಬೇಡವೆಂದೆ. ಮಧ್ಯಾಹ್ನದ ನಿದ್ದೆ ಬಿಟ್ಟೆ. ಎಲ್ಲರದೂ ಮುಗಿದ ಮೇಲೆ ತಣ್ಣಗಾದದ್ದನ್ನು ನಿಂತೇ ಉಂಡೆ. ಪಾಪ ತೊಳೆಯುತ್ತಿದೆ ಎಂದುಕೊಂಡಿದ್ದೆ. ಆದದ್ದೇನು? ಸಂಕ್ರಾಂತಿಯ ಹಿಂದಿನ ರಾತ್ರಿ ನನ್ನ ಕೈ ಮತ್ತೆ ಅದೇ ರಟ್ಟೆಯ ಮೇಲೆ ಬಿಗಿಯಾಯಿತು. ಜಗ್ಗಲಿಲ್ಲ, ಆದರೆ ಬಿಗಿಯಾದದ್ದು ಹೌದು. ಹತ್ತು ದಿನದ ಪ್ರಾಯಶ್ಚಿತ್ತ ನನ್ನನ್ನು ಮೊದಲಿನದೇ ಜಾಗಕ್ಕೆ, ಮೊದಲಿಗಿಂತ ದಣಿದವಳನ್ನಾಗಿ ತಂದು ನಿಲ್ಲಿಸಿತ್ತು.

ನಾನು ಮಾಸ್ತರಿಕೆಗೆ ಸೇರಿದ ಕಾಲಕ್ಕೆ ಬೆತ್ತವಿಲ್ಲದ ತರಗತಿ ಇರಲಿಲ್ಲ. ಶಿಕ್ಷಣ ಹಕ್ಕಿನ ಕಾಯ್ದೆ 2010ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಮೇಲೆ ಮಕ್ಕಳನ್ನು ಹೊಡೆಯುವುದು ಕಾನೂನಿನಂತೆಯೇ ತಪ್ಪಾಯಿತು. ನಾನು ಅದಕ್ಕೂ ಮುಂಚೆಯೇ ಬೆತ್ತ ಕೆಳಗಿಟ್ಟಿದ್ದೆ, ಅದು ನನ್ನ ದೊಡ್ಡಸ್ತಿಕೆಯಲ್ಲ, ಅನುಭವ ಕಲಿಸಿದ್ದು. ಲೆಕ್ಕ ತಪ್ಪಿದ್ದಕ್ಕೆ ಹೊಡೆಸಿಕೊಂಡ ಹುಡುಗ ಲೆಕ್ಕ ಕಲಿಯುವುದಿಲ್ಲ, ಏಟು ತಪ್ಪಿಸಿಕೊಳ್ಳುವುದನ್ನು ಕಲಿಯುತ್ತಾನೆ. ಇದು ಶಾಲೆಯಲ್ಲಿ ನನಗೆ ಅಂಗೈ ಗೆರೆಯಷ್ಟು ಗೊತ್ತಿದ್ದ ಸತ್ಯ. ಮನೆಗೆ ಬಂದು ಅದೇ ಬೆತ್ತವನ್ನು ನನ್ನ ಮೇಲೆ ಎತ್ತಿಕೊಂಡಿದ್ದೆ, ಅದರಿಂದ ಒಳ್ಳೆಯವಳಾಗುತ್ತೇನೆ ಎಂದು ನಂಬಿಕೊಂಡು.

ಹಾಗಾದರೆ "ಹೋಗಲಿ ಬಿಡು, ಆಗುತ್ತದೆ" ಎಂದು ನನಗೆ ನಾನೇ ಮಾಫಿ ಕೊಟ್ಟುಕೊಳ್ಳಬೇಕಿತ್ತೇ? ಇಲ್ಲಿಯೇ ನಾನು ಬಹಳ ದಿನ ಸಿಕ್ಕಿಬಿದ್ದೆ. ಮಾಫಿ ಕೊಡುವ ಅಧಿಕಾರ ನೋವುಂಡವರದು. ನಾನು ನೋಯಿಸಿದ್ದು ಅತ್ತೆಯನ್ನು. ಅವರ ಕಾಲು ಹಿಡಿದು ಕೇಳೋಣವೆಂದರೆ ಅವರಿಗೆ ಏನಾಯಿತೆಂಬುದೇ ನೆನಪಿಲ್ಲ. ಒಂದು ದಿನ ಕೇಳಿಯೂ ಕೇಳಿದೆ. "ಅತ್ತಿ, ನಾ ತಪ್ಪ ಮಾಡೀನಿ" ಅಂದೆ. "ಇರಲಿ ಬಿಡವ್ವ, ಹಾಲು ಉಕ್ಕಿದ್ರ ಉಕ್ಕಲಿ" ಅಂದರು. ಯಾವ ಕಾಲದ ಯಾವ ಹಾಲೋ! ಅವರಿಂದ ಬರಬೇಕಾದ ಕ್ಷಮೆ ಅವರ ಮರೆವಿನೊಂದಿಗೇ ಹೋಗಿಬಿಟ್ಟಿದೆ. ಅದನ್ನು ಅವರ ಪರವಾಗಿ ನಾನು ನನಗೆ ಕೊಟ್ಟುಕೊಂಡರೆ ಅದು ಕಳ್ಳತನ. ಸಾಲಗಾರನೇ ಸಾಲ ತೀರಿತೆಂದು ಬರೆದುಕೊಂಡಂತೆ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಇವತ್ತಿಗೂ ಬದಲಾಗಿಲ್ಲ.

ಬದಲಾದದ್ದು ಇನ್ನೊಂದು. ಕ್ಷಮೆ ಬೇರೆ, ದಯೆ ಬೇರೆ ಎಂಬುದು ನನಗೆ ಐವತ್ತು ದಾಟಿದ ಮೇಲೆ ಹೊಳೆಯಿತು. ದಯೆಗೆ ಅಧಿಕಾರ ಬೇಕಿಲ್ಲ, ಅರ್ಹತೆಯೂ ಬೇಕಿಲ್ಲ. ಬಾಯಾರಿ ಬಾಗಿಲಿಗೆ ಬಂದವನಿಗೆ ನೀರು ಕೊಡುವಾಗ ನೀನು ತಪ್ಪಿತಸ್ಥನೋ ಅಲ್ಲವೋ ಎಂದು ಯಾರೂ ಕೇಳುವುದಿಲ್ಲ. ಜೈಲಿನಲ್ಲಿರುವವನಿಗೂ ಹೊತ್ತಿಗೆ ಊಟ ಇದೆ. ಶಿಕ್ಷೆ ಮುಗಿಯಿತೆಂದು ಅದರರ್ಥವಲ್ಲ. ದಯೆಯ ಬಗ್ಗೆ ಬಸವಣ್ಣನವರ ವಚನವನ್ನು ನಾನು ಮೂವತ್ತು ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೇನೆ. ಜೀವವಿರುವ ಎಲ್ಲದರ ಮೇಲೂ ದಯೆ ಇರಬೇಕು ಎಂದು ಅದರ ಅರ್ಥ ಬರೆಸುತ್ತೇನೆ. ಇರುವೆ, ಗುಬ್ಬಿ, ಎತ್ತು ಎಂದು ಮಕ್ಕಳು ಉದಾಹರಣೆ ಕೊಡುತ್ತಾರೆ, ಸರಿ ಎಂದು ಕೆಂಪು ಗೆರೆ ಎಳೆಯುತ್ತೇನೆ. ಆ ಎಲ್ಲ ಜೀವಗಳಲ್ಲಿ ಪಾಠ ಮಾಡುವ ಅಕ್ಕೋರದೂ ಒಂದು ಜೀವ ಎಂದು ಯಾವ ಮಗುವೂ ಬರೆಯಲಿಲ್ಲ, ನನಗೂ ತೋರಲಿಲ್ಲ.

ಆಮೇಲೆ ಓದಿ ತಿಳಿದದ್ದು: ಬುದ್ಧಘೋಷನ ವಿಶುದ್ಧಿಮಾರ್ಗದಲ್ಲಿ ಮೈತ್ರಿಯ ಅಭ್ಯಾಸ ಶುರುವಾಗುವುದೇ ತನ್ನಿಂದ. ತಾನು ಸುಖವಾಗಿರಲಿ ಎಂದು ಮೊದಲು ಬಯಸಬೇಕು, ಆಮೇಲೆ ಪ್ರಿಯರಿಗೆ, ಬೇರೆಯವರಿಗೆ, ಕೊನೆಗೆ ವೈರಿಗೆ. ತನಗೆ ಸುಖ ಬೇಕು ಎಂಬುದು ತನಗೆ ನೇರವಾಗಿ ಗೊತ್ತು, ಅದನ್ನೇ ಸಾಕ್ಷಿ ಮಾಡಿಕೊಂಡು ಇನ್ನೊಬ್ಬರಿಗೂ ಹಾಗೇ ಇರುತ್ತದೆಂದು ತಿಳಿಯಬೇಕು ಎಂಬುದು ಅದರ ತರ್ಕ. ಕ್ರಿಸ್ಟಿನ್ ನೆಫ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞೆ 2003ರಲ್ಲಿ ಇ��ನ್ನೇ ಅಭ್ಯಾಸಕ್ಕೆ ತೆಗೆದುಕೊಂಡು, ತನ್ನ ಬಗ್ಗೆ ದಯೆ ಎಂದರೆ ತನ್ನ ಗೋಳು ತಾನೇ ಹಾಡಿಕೊಳ್ಳುವುದಲ್ಲ, ಎಲ್ಲರೂ ಎಡವುತ್ತಾರೆ, ಎಡವಿದವರಲ್ಲಿ ನಾನೂ ಒಬ್ಬಳು ಎಂದು ಅರಿಯುವುದೂ ಅದರ ಒಂದು ಭಾಗ ಎಂದು ಬರೆದರು. ನನಗೆ ಈ ಮಾತು ಹಿಡಿಸಿತು. ಏಕೆಂದರೆ ನನ್ನ ಪಶ್ಚಾತ್ತಾಪದಲ್ಲಿ ಒಂದು ಗುಟ್ಟಿನ ಹೆಮ್ಮೆ ಇತ್ತು. ಬೇರೆಯವರು ಸಿಟ್ಟಾಗಬಹುದು, ನಾನು ಆಗಬಾರದು, ನಾನು ಅಂಥವಳಲ್ಲ ಎಂಬ ಹೆಮ್ಮೆ. ಹೊರಗಿನ ಬೋರ್ಡನ್ನು ನಾನೇ ಎಲ್ಲರಿಗಿಂತ ಹೆಚ್ಚು ನಂಬಿಕೊಂಡಿದ್ದೆ.

ಈಗೀಗ ಈ ಮಾತು ಅಗ್ಗವಾಗಿರುವುದೂ ನಿಜ. ಸಹೋದ್ಯೋಗಿಯೊಬ್ಬರು "ನಿಮಗಾಗಿ ಟೈಮ್ ಕೊಟ್ಟುಕೊಳ್ಳಿ ಟೀಚರ್, ಒಂದು ಫೇಶಿಯಲ್ ಮಾಡಿಸಿಕೊಳ್ಳಿ" ಎಂದು ಸಲಹೆ ಕೊಟ್ಟರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೆ ಆ ಒಂದು ಗಂಟೆ ಅತ್ತೆಯ ಪಕ್ಕ ಯಾರಿರಬೇಕು ಎಂಬುದನ್ನು ಅವರು ಹೇಳಲಿಲ್ಲ. ಇನ್ನೊಂದು ಜೋಡಿ ಕೈ ಇಲ್ಲದ ಮನೆಯಲ್ಲಿ ವಿಶ್ರಾಂತಿಯ ಉಪದೇಶ, ಎಣ್ಣೆಯಿಲ್ಲದ ಮನೆಗೆ ಪಣತಿ ಕೊಟ್ಟಂತೆ.

ನಮ್ಮ ಊರಿನ ಗುರುನಾನಕ ಝೀರಾಕ್ಕೆ ಹೋದವರು ಲಂಗರದ ಸಾಲನ್ನು ನೋಡಿರುತ್ತೀರಿ. ಅಲ್ಲಿ ರೊಟ್ಟಿ ಬಡಿಸುವವರೂ ಅದೇ ನೆಲದಲ್ಲಿ, ಅದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಆಗ ಇನ್ನೊಬ್ಬರು ಎದ್ದು ಬಡಿಸುತ್ತಾರೆ. ಅದು ಸೇವೆಗೆ ಕೊರತೆ ಎಂದು ಯಾರೂ ತಿಳಿಯುವುದಿಲ್ಲ. ನಮ್ಮ ದಾಸೋಹದಲ್ಲೂ ಬಡಿಸಿದವರಿಗೆ ಪ್ರಸಾದವಿದೆ. ಮನೆ ಎಂಬ ದಾಸೋಹದಲ್ಲಿ ಮಾತ್ರ ಬಡಿಸುವವಳ ಊಟ ತಣ್ಣಗೇ ಇರಬೇಕು ಎಂದು ಯಾರು ಬರೆದಿಟ್ಟರೋ.

ಹೆಣ್ಣಿಗೆ ಭೂಮಿಯ ಹಾಗೆ ಸೈರಣೆ ಇರಬೇಕು ಎಂದು ಹೇಳುವವರಿಗೆ ಭೂಮಿಯ ವಿಷಯ ಹೆಚ್ಚು ಗೊತ್ತಿರಲಾರದು. ಭೂಮಿ ಸುಮ್ಮನೆ ಸೈರಿಸುವುದಿಲ್ಲ. ಔರಾದ, ಭಾಲ್ಕಿ ಕಡೆಯ ಕಪ್ಪು ಮಣ್ಣು ಎಂಥ ಒಳ್ಳೆಯದೆಂದರೂ ಜೋಳದ ಮೇಲೆ ಜೋಳ ಬಿತ್ತುತ್ತ ಹೋದರೆ ಸೋಲುತ್ತದೆ. ನಮ್ಮ ಮಾವನವರು ಒಂದು ಪಟ್ಟಿಗೆ ಹೆಸರು, ಉದ್ದು ಹಾಕುತ್ತಿದ್ದರು, ಕಾಳಿನ ಬೇರು ಮಣ್ಣಿಗೆ ಸತ್ವ ಕೊಡುತ್ತದೆಂದು. ಇನ್ನೊಂದು ಪಟ್ಟಿಯನ್ನು ಮಳೆಗಾಲವೆಲ್ಲ ಬೀಳು ಬಿಟ್ಟು, ಬರೀ ಹರಗುತ್ತ, ಹಸಿ ಹಿಡಿದಿಟ್ಟುಕೊಂಡು, ಹಿಂಗಾರಿಗೆ ಬಿಳಿಜೋಳ ಬಿತ್ತುತ್ತಿದ್ದರು. ಸುತ್ತಲಿನ ಹೊಲ ಹಸಿರಾಗಿರುವಾಗ ಈ ಪಟ್ಟಿ ಕಪ್ಪಗೆ ಬಿದ್ದಿರುವುದನ್ನು ಕಂಡು ಯಾರೂ ಹೊಲ ಸೋಮಾರಿಯಾಯಿತು ಎನ್ನಲಿಲ್ಲ. ಅದಕ್ಕೆ ತಿಪ್ಪೆಗೊಬ್ಬರ ಹಾಕುವುದನ್ನು ಮುದ್ದು ಮಾಡಿ ಕೆಡಿಸುವುದು ಎನ್ನಲಿಲ್ಲ. ಎಳ್ಳಮಾಸಿಯ ದಿನ ನಾವು ಹೊತ್ತೊಯ್ಯುವ ಬುತ್ತಿಯಾದರೂ ಏನು? ಹೊತ್ತವಳಿಗೂ ಹಸಿವಿದೆ ಎಂದು ಒಪ್ಪಿಕೊಳ್ಳುವುದೇ ಅಲ್ಲವೇ? ಆ ಬುತ್ತಿ ಕಟ್ಟಲು ರಾತ್ರಿ ಎರಡಕ್ಕೆ ಎದ್ದ ಹೆಂಗಸಿಗೆ ಇಷ್ಟು ಸರಳ ಮಾತು ತಿಳಿಯದೇ ಹೋಯಿತು.

ಫೆಬ್ರುವರಿಯ ಒಂದು ಭಾನುವಾರ ಭಾಲ್ಕಿಗೆ ಹೋದೆ. ನಾದಿನಿಯ ಮನೆಯಲ್ಲಿ ನಾವಿಬ್ಬರೇ ಇದ್ದೆವು. ಅತ್ತೆ ಮರೆತದ್ದನ್ನು ನೆನಪಿಟ್ಟುಕೊಳ್ಳುವ ಹಕ್ಕು ಯಾರಿಗಾದರೂ ಇದ್ದರೆ ಅವರ ಮಗಳಿಗೆ ಇದೆ ಎನ್ನಿಸಿತ್ತು. ಎಲ್ಲ ಹೇಳಿದೆ, ಆಡಿದ ಮಾತನ್ನೂ ಸೇರಿಸಿ. ಹೇಳುವಾಗ ಅವಳು ನನ್ನನ್ನು ಬೈಯಲಿ ಎಂದೇ ಕಾಯುತ್ತಿದ್ದೆ.

ಅವಳು ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ನೆಲ ನೋಡುತ್ತ, "ನಾ ನೋಡಿದ್ದೆ ವೈನಿ. ಅವತ್ತ ಹೊಲದಾಗ ಅವ್ವನ ಕುಬುಸದ ತೋಳ ಸರದಾಗ ಕಂಡಿತ್ತು. ಕೇಳಿದ್ರ, ಹಂಗಾದ್ರ ನೀನೇ ಒಯ್ದು ನೋಡ್ಕೋ ಅಂತೀರಿ ಅಂತ ಅಂಜಿ ಬಾಯಿ ಮುಚ್ಚಿಕೊಂಡೆ" ಅಂದಳು. ಎದ್ದು ಒಳಗೆ ಹೋಗಿ ಚಹಾ ಇಟ್ಟಳು. ಚಹಾ ಕುಡಿಯುವಾಗ ಇಬ್ಬರೂ ಬೇರೆ ಮಾತಾಡಲಿಲ್ಲ. ಅವಳು ನನ್ನನ್ನು ಕ್ಷಮಿಸಿದಳೆಂದು ನಾನು ಇವತ್ತಿಗೂ ಹೇಳಲಾರೆ. ನಾನು ಬಸ್ಸಿಗೆ ಹೊರಟಾಗ ಬಾಗಿಲವರೆಗೆ ಬಂದಳು, "ಹೋಗಿ ಬರ್ರಿ" ಅಂದಳು, ಅಷ್ಟೇ.

ಮಾರ್ಚಿನಲ್ಲಿ ಅವಳೇ ಬಂದು ತಾಯಿಯನ್ನು ಎಂಟು ದಿನಕ್ಕೆ ಕರೆದುಕೊಂಡು ಹೋದಳು. ಅಂದಿನಿಂದ ತಿಂಗಳಿಗೆ ಎಂಟು ದಿನ ಭಾಲ್ಕಿ. ಮೊದಲ ದಿನ ನಾನು ಹನ್ನೊಂದು ತಾಸು ಮಲಗಿದೆ. ಎರಡನೆಯ ದಿನ ನಿದ್ದೆ ಬಾರದೆ ಇದ್ದಬದ್ದ ಕೌದಿಗಳನ್ನೆಲ್ಲ ತೆಗೆದು ಒಗೆಯುತ್ತ ಕೂತೆ, ಸುಮ್ಮನಿರುವುದೂ ಕಲಿಯಬೇಕಾದ ವಿದ್ಯೆಯೇ. ಮೂರನೆಯ ರಾತ್ರಿ ನಾದಿನಿಯ ಫೋನು. ದನಿ ನಡುಗುತ್ತಿತ್ತು. "ವೈನಿ, ನಾ ಇವತ್ತ ಅವ್ವಗ ಒದರಿದೆ" ಅಂದಳು. ನನ್ನ ಬಾಯಿಂದ ಅತ್ತೆಯ ಮಾತೇ ಬಂತು. "ಕುಂಡ್ರು, ಜರ ದಮ್ಮ ತಗೋ" ಅಂದೆ. ಅವಳು ಅತ್ತಳು. ನಾನು ಫೋನು ಹಿಡಿದುಕೊಂಡೇ ಇದ್ದೆ.

ಇದರಿಂದ ಎಲ್ಲ ಸರಿಹೋಯಿತೆಂದು ಬರೆದರೆ ಸುಳ್ಳಾಗುತ್ತದೆ. ಅತ್ತೆಯ ಕಾಯಿಲೆ ಮುಂದೆ ಹೋಗುತ್ತಿದೆ. ನನಗೆ ಸಿಟ್ಟು ಈಗಲೂ ಬರುತ್ತದೆ. ಬಂದಾಗ ಕೋಣೆಯಿಂದ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂಡುತ್ತೇನೆ. ಹೊಲಸು ಐದು ನಿಮಿಷ ಹಾಗೆಯೇ ಇರುತ್ತದೆ. ಮೊದಮೊದಲು ಆ ಐದು ನಿಮಿಷ ದೊಡ್ಡ ಅಪರಾಧ ಅನ್ನಿಸುತ್ತಿತ್ತು. ಅವರಿಗೆ ಬೀಳದಂತೆ ದಿಂಬು ಒತ್ತುಕೊಟ್ಟು, ಕಾಲ ಮೇಲೆ ಕೌದಿ ಎಳೆದು ಹೋಗಿರುತ್ತೇನೆ. ತಿರುಗಿ ಬರುವಾಗ ನನ್ನ ಕೈ ಬಿಚ್ಚಿಕೊಂಡಿರುತ್ತದೆ. ಮನೆಯವರಿಗೂ ಒಂದು ದಿನ ಹೇಳಿದೆ, ತಾಯಿಯ ಸೀರೆ ಬದಲಿಸಲು ಮಗನಿಗೆ ನಾಚಿಕೆಯಾದರೆ ಕಣ್ಣು ಮುಚ್ಚಿಕೊಂಡು ಕೌದಿಯನ್ನಾದರೂ ಒಗೆಯಬಹುದು ಎಂದು. ಒಗೆಯುತ್ತಾರೆ. ಕಣ್ಣು ತೆರೆದೇ ಒಗೆಯುತ್ತಾರೆ. ಹಿಂಡುವುದು ಮಾತ್ರ ಇನ್ನೂ ಬರುವುದಿಲ್ಲ.

2025ರ ಎಳ್ಳಮಾಸಿ ಡಿಸೆಂಬರ್ 19, ಶುಕ್ರವಾರ ಬಂತು. ಈ ಸಲ ನಾನು ಹೊಲಕ್ಕೆ ಹೋಗುವುದಿಲ್ಲ ಎಂದು ಮೊದಲೇ ಹೇಳಿಬಿಟ್ಟೆ. ಅತ್ತೆಗೆ ಗಾಡಿಯ ಅಲುಗಾಟ ತಡೆಯುವಂತಿರಲಿಲ್ಲ, ನನಗೂ ತಡೆಯುವಂತಿರಲಿಲ್ಲ. ಎರಡನೆಯದನ್ನೂ ಬಾಯಿ ಬಿಟ್ಟು ಹೇಳಿದೆ. ರೊಟ್ಟಿ ಮಾಡಿ ಮಾರುವ ಹೆಂಗಸಿಗೆ ಹೇಳಿ ಸಜ್ಜೆ ರೊಟ್ಟಿ ತರಿಸಿದೆವು, ಹೋಳಿಗೆಯನ್ನು ನಾದಿನಿ ಮಾಡಿದಳು, ಅಂಬಲಿಯ ಮಡಕೆಯನ್ನು ಮನೆಯವರೇ ಹೊತ್ತರು. ಭೂಮಿತಾಯಿಗೆ ಕೊಂಡ ರೊಟ್ಟಿಯೇ ಎಂದು ಒಬ್ಬಿಬ್ಬರು ಗೊಣಗಿದರಂತೆ. ಗೊಣಗಲಿ. ನಾನು ಮಾಡಿದ್ದು ಭಜ್ಜಿ ಒಂದೇ. ಐದು ಗಂಟೆಗೆ ಎದ್ದು ಮಾಡಿದೆ.

ಎಲ್ಲರೂ ಹೋದ ಮೇಲೆ ಓಣಿ ನಿಶ್ಶಬ್ದವಾಯಿತು. ಅತ್ತೆಯನ್ನು ಅಂಗಳದ ಬಿಸಿಲಿಗೆ ತಂದು ಕೂಡಿಸಿದೆ. ಕೂಡಿಸುತ್ತಲೇ ತೂಕಡಿಸಿದರು. ಅವರು ಏಳಲಿ, ಅವರಿಗೆ ಉಣಿಸಿ ಆಮೇಲೆ ಉಂಡರಾಯಿತು ಎಂದು ತಾಟು ಮುಚ್ಚಿಡಲು ಹೋದೆ. ಮತ್ತೆ ಮುಚ್ಚಳ ತೆಗೆದೆ. ಅವರ ಪಕ್ಕದಲ್ಲೇ ನೆಲದ ಮೇಲೆ ಕಾಲು ಚಾಚಿ ಕೂತು ಉಂಡೆ. ಭಜ್ಜಿಯಿಂದ ಇನ್ನೂ ಹಬೆ ಏಳುತ್ತಿತ್ತು.